ಯಂತ್ರಕ್ಕೆ ವಾದ ಕಲಿಸಿದ ಕಥೆ

ಹಕ್ಕಿಗಳು ಹಾರುತ್ತವೆ. ಟ್ವೀಟಿ ಒಂದು ಹಕ್ಕಿ. ಆದ್ದರಿಂದ ಟ್ವೀಟಿ ಹಾರುತ್ತದೆ. ಸರಿಯಾದ ಮಾತೇ. ಆದರೆ ‘ಟ್ವೀಟಿ ಪೆಂಗ್ವಿನ್ ಜಾತಿಯದು’ ಎಂದು ಯಾರಾದರೂ ಹೇಳಿದೊಡನೆ ನಾವು ಮೊದಲಿನ ಮಾತನ್ನು ಹಿಂತೆಗೆದುಕೊಳ್ಳುತ್ತೇವೆ. ಮಕ್ಕಳೂ ಮಾಡುವ ಈ ಕೆಲಸ ಕಂಪ್ಯೂಟರಿಗೆ ಬಹುಕಾಲ ಒಗ್ಗಲಿಲ್ಲ. ಅದಕ್ಕೆ ಆಧಾರವಾಗಿದ್ದ ಗಣಿತದ ತರ್ಕದಲ್ಲಿ ಒಮ್ಮೆ ಸಾಧಿತವಾದದ್ದು, ಎಷ್ಟೇ ಹೊಸ ಸಂಗತಿ ಬಂದು ಸೇರಿದರೂ ಬೀಳುವಂತಿಲ್ಲ.

ಜನ ವಾದಿಸುವ ರೀತಿ ಇದಲ್ಲ ಎಂದು ಬ್ರಿಟಿಷ್ ತತ್ವಜ್ಞಾನಿ ಸ್ಟೀಫನ್ ಟುಲ್ಮಿನ್ 1958ರಲ್ಲೇ ಬರೆದಿದ್ದರು. ಅವರಿಗೆ ಮಾದರಿಯಾದದ್ದು ಗಣಿತವಲ್ಲ, ನ್ಯಾಯಾಲಯ. ಹ್ಯಾರಿ ಬರ್ಮುಡಾದಲ್ಲಿ ಹುಟ್ಟಿದವನು, ಆದ್ದರಿಂದ ಅವನು ಬ್ರಿಟಿಷ್ ಪ್ರಜೆ ಎಂದು ಭಾವಿಸಬಹುದು. ತಂದೆತಾಯಿ ಇಬ್ಬರೂ ಪರದೇಶದವರೆಂದು ತಿಳಿದುಬಂದರೆ ಈ ಮಾತು ನಿಲ್ಲದು. ಕಂಪ್ಯೂಟರ್ ವಿಜ್ಞಾನಿಗಳು ಈ ತೊಡಕಿಗೆ ಗಂಭೀರವಾಗಿ ಕೈಹಾಕಿದ್ದು ತಡವಾಗಿ. 1980ರಲ್ಲಿ ಜಾನ್ ಮೆಕಾರ್ಥಿ, ರೇಮಂಡ್ ರೈಟರ್ ಮೊದಲಾದವರು ತೀರ್ಮಾನವನ್ನು ಹಿಂದಕ್ಕೆ ಪಡೆಯಲು ಅವಕಾಶವಿರುವ ತರ್ಕಪದ್ಧತಿಗಳನ್ನು ಮುಂದಿಟ್ಟರು.

ವಾದವನ್ನು ಬೀಳಿಸುವ ಬಗೆ ಎರಡು ಎಂದು 1987ರಲ್ಲಿ ಅಮೆರಿಕದ ಜಾನ್ ಪೊಲಾಕ್ ವಿವರಿಸಿದರು. ತೀರ್ಮಾನವನ್ನೇ ಅಲ್ಲಗಳೆಯುವುದು ಒಂದು ಬಗೆ. ಇನ್ನೊಂದು ಸೂಕ್ಷ್ಮವಾದದ್ದು. ‘ಬಟ್ಟೆ ಕೆಂಪಾಗಿ ಕಾಣುತ್ತಿದೆ, ಆದ್ದರಿಂದ ಕೆಂಪು’ ಎನ್ನುವವರಿಗೆ ‘ಇಲ್ಲಿ ಉರಿಯುತ್ತಿರುವುದೇ ಕೆಂಪು ದೀಪ’ ಎಂದರೆ ಸಾಕು. ಬಟ್ಟೆ ಕೆಂಪಲ್ಲ ಎಂದು ಯಾರೂ ಹೇಳಲಿಲ್ಲ. ಕಾರಣಕ್ಕೂ ತೀರ್ಮಾನಕ್ಕೂ ಇದ್ದ ಕೊಂಡಿ ಮಾತ್ರ ಕಳಚಿತು. ಹೇತುವಿನ ದೋಷಗಳನ್ನು ಹೇತ್ವಾಭಾಸಗಳೆಂದು ವಿಂಗಡಿಸಿದ ನಮ್ಮ ನೈಯಾಯಿಕರಿಗೆ ಇಂಥ ವಿಚಾರ ತೀರ ಹೊಸತೆನಿಸುತ್ತಿರಲಿಲ್ಲ.

ದೊಡ್ಡ ತಿರುವು ಬಂದದ್ದು 1995ರಲ್ಲಿ, ಬ್ಯಾಂಕಾಕ್‌ನಿಂದ. ಅಲ್ಲಿನ ಏಷ್ಯನ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯಲ್ಲಿದ್ದ ಫಾನ್ ಮಿನ್ ಡುಂಗ್, ವಾದದ ಒಳಗೆ ಏನಿದೆ ಎಂದು ನೋಡುವುದನ್ನೇ ಕೈಬಿಟ್ಟರು. ಪ್ರತಿ ವಾದವೂ ಒಂದು ಚುಕ್ಕೆ. ಒಂದು ಇನ್ನೊಂದನ್ನು ಆಕ್ಷೇಪಿಸಿದರೆ ನಡುವೆ ಒಂದು ಬಾಣ. ಅಷ್ಟೇ. ಮನೆಯ ಉದಾಹರಣೆಯನ್ನೇ ನೋಡಿ. ‘ಮೋಡ ಕವಿದಿದೆ, ಕೊಡೆ ತೆಗೆದುಕೊಂಡು ಹೋಗಿ’ ಎನ್ನುತ್ತಾರೆ ಅಮ್ಮ. ‘ಮಳೆಯಿಲ್ಲವೆಂದು ಹವಾಮಾನ ವರದಿಯಲ್ಲಿದೆ, ಬೇಡ’ ಎನ್ನುತ್ತಾರೆ ಅಪ್ಪ. ‘ಅದು ನಿನ್ನೆಯ ಪೇಪರ್ ಅಪ್ಪಾ’ ಎನ್ನುತ್ತಾಳೆ ಮಗಳು. ಮಗಳ ಮಾತಿಗೆ ಎದುರಿಲ್ಲ, ಅದು ನಿಂತಿತು, ಅಪ್ಪನದು ಬಿತ್ತು, ಅಮ್ಮನದು ಮತ್ತೆ ಎದ್ದಿತು. ಎರಡು ವಾದಗಳು ಪರಸ್ಪರ ಆಕ್ಷೇಪಿಸಿ ಮೂರನೆಯದು ಇಲ್ಲದಿದ್ದರೆ? ಎಚ್ಚರಿಕೆಯ ಲೆಕ್ಕದಲ್ಲಿ ಎರಡನ್ನೂ ಒಪ್ಪುವಂತಿಲ್ಲ; ಧೈರ್ಯದ ಲೆಕ್ಕದಲ್ಲಿ ಯಾವುದಾದರೂ ಒಂದನ್ನು ಹಿಡಿಯಬಹುದು. ಡುಂಗ್ ಎರಡಕ್ಕೂ ನಿಯಮ ಕೊಟ್ಟರು.

ವೈದ್ಯರಿಗೋ ವಕೀಲರಿಗೋ ಸಲಹೆ ಕೊಡುವ ಯಂತ್ರ ‘ಏಕೆ?’ ಎಂದರೆ ಉತ್ತರಿಸಬೇಕಲ್ಲ. ಯಾವ ಆಕ್ಷೇಪ ಎಲ್ಲಿ ಬಿತ್ತು ಎಂದು ತೋರಿಸಲು ಈ ಬಾಣಗಳು ಒದಗುತ್ತವೆ. 2006ರಲ್ಲಿ ಲಿವರ್‌ಪೂಲ್‌ನಲ್ಲಿ ಈ ವಿಷಯಕ್ಕೇ ಮೀಸಲಾದ ಅಂತರರಾಷ್ಟ್ರೀಯ ಸಮ್ಮೇಳನ ಆರಂಭವಾಯಿತು.

ಐಬಿಎಂ ಕಂಪನಿಯವರು ಹಿಡಿದದ್ದು ಬೇರೆ ದಾರಿ: ರಾಶಿ ರಾಶಿ ಬರಹಗಳಿಂದ ವಾದಗಳನ್ನು ಹೆಕ್ಕಿ ಭಾಷಣ ಮಾಡುವ ಯಂತ್ರ. 2019ರ ಫೆಬ್ರುವರಿಯಲ್ಲಿ ಸ್ಯಾನ್‌ಫ್ರಾನ್ಸಿಸ್ಕೊದಲ್ಲಿ ಅದು ಚರ್ಚಾಪಟು ಹರೀಶ್ ನಟರಾಜನ್ ಅವರನ್ನು ಎದುರಿಸಿತು. ಶಿಶುವಿಹಾರಗಳಿಗೆ ಸಹಾಯಧನ ಕೊಡಬೇಕೆಂಬುದು ಯಂತ್ರದ ಪಕ್ಷ. ತಯಾರಿಗೆ ಇಬ್ಬರಿಗೂ 15 ನಿಮಿಷ. ಯಂತ್ರ ಅಧ್ಯಯನಗಳನ್ನು ಒಂದರ ಮೇಲೊಂದು ಪೇರಿಸಿತು. ನಟರಾಜನ್ ಶಿಶುವಿಹಾರದ ಲಾಭವನ್ನು ಅಲ್ಲಗಳೆಯಲಿಲ್ಲ. ಲಾಭವಿದೆಯೆಂದ ಮಾತ್ರಕ್ಕೆ ಮಿತವಾದ ಸರ್ಕಾರಿ ಹಣ ಅಲ್ಲಿಗೇ ಹೋಗಬೇಕೇ, ಹೋದರೂ ಕಡುಬಡವರಿಗೆ ತಲುಪೀತೇ ಎಂದು ಕೇಳಿದರು. ಪೊಲಾಕ್ ಹೇಳಿದ ಎರಡನೆಯ ಬಗೆಯ ಹತ್ತಿರದ ಪಟ್ಟು ಅದು. ಸಹಾಯಧನದ ಪರವಾಗಿದ್ದ ಸಭಿಕರ ಪ್ರಮಾಣ ಶೇ 79ರಿಂದ 62ಕ್ಕೆ ಇಳಿಯಿತು, ಗೆದ್ದವರು ನಟರಾಜನ್. ಆದರೂ ಹೆಚ್ಚು ತಿಳಿವಳಿಕೆ ಕೊಟ್ಟವರು ಯಾರು ಎಂದು ಕೇಳಿದಾಗ ಹೆಚ್ಚು ಮಂದಿ ಯಂತ್ರದತ್ತಲೇ ಬೆರಳು ತೋರಿಸಿದರು.