ಮೋಶೆಯಿಂದ ಯೆಹೋಶುವನಿಗೆ: ನಾಯಕತ್ವದ ಹಸ್ತಾಂತರ ಮತ್ತು ವಾಗ್ದಾನದ ನಿರಂತರತೆ

ಐಗುಪ್ತದ ದಾಸ್ಯದಿಂದ ಇಸ್ರಾಯೇಲ್ಯರನ್ನು ಬಿಡಿಸಿ 40 ವರ್ಷ ಅರಣ್ಯದಲ್ಲಿ ನಡೆಸಿದ ಮೋಶೆ, ಕಾನಾನ್ ದೇಶವನ್ನು ನೆಬೋ ಬೆಟ್ಟದಿಂದ ಕಣ್ಣಾರೆ ಕಂಡು, ಅದರೊಳಗೆ ಕಾಲಿಡದೆ 120ನೆಯ ವಯಸ್ಸಿನಲ್ಲಿ ತೀರಿಕೊಂಡನೆಂದು ಧರ್ಮೋಪದೇಶಕಾಂಡದ ಕೊನೆಯ ಅಧ್ಯಾಯ ಹೇಳುತ್ತದೆ. ಯೊರ್ದನ್ ಹೊಳೆಯನ್ನು ದಾಟಿಸುವ ಹೊಣೆ ಎಫ್ರಾಯೀಮ್ ಕುಲದ ಯೆಹೋಶುವನದಾಯಿತು. ಅಬ್ರಹಾಮನ ಕಾಲದಿಂದ ಬಂದ ಆ ದೇಶದ ವಾಗ್ದಾನ, ಅದನ್ನು ಈಡೇರಿಸಲು ಹೊರಟ ನಾಯಕನೊಂದಿಗೇ ಮಣ್ಣಾಗುವುದೇ, ಅಥವಾ ಅವನಿಗಿಂತ ಮೊದಲೇ ಇದ್ದ ದೇವರ ನಂಬಿಗಸ್ತಿಕೆಯ ಮೇಲೆ ನಿಂತಿದೆಯೇ? ಅರಣ್ಯಕಾಂಡದಿಂದ ನ್ಯಾಯಸ್ಥಾಪಕರ ಗ್ರಂಥದವರೆಗಿನ ಕಥನ ಈ ಪ್ರಶ್ನೆಗೆ ಬಹಳ ಎಚ್ಚರದಿಂದ ಉತ್ತರ ಕೊಡುತ್ತದೆ.

ಹಸ್ತಾಂತರದ ಮೊದಲ ನಿರೂಪಣೆ ಅರಣ್ಯಕಾಂಡದ 27ನೆಯ ಅಧ್ಯಾಯದಲ್ಲಿದೆ. ಸಾವು ಸಮೀಪಿಸಿದೆಯೆಂದು ತಿಳಿದ ಮೋಶೆ ಅಲ್ಲಿ ತನಗಾಗಿ ಏನನ್ನೂ ಬೇಡುವುದಿಲ್ಲ. ಜನರು ಕುರುಬನಿಲ್ಲದ ಮಂದೆಯಾಗಬಾರದು, ಅವರಿಗೊಬ್ಬ ನಾಯಕ ಬೇಕು ಎಂಬುದಷ್ಟೇ ಅವನ ಬಿನ್ನಹ. ಧರ್ಮೋಪದೇಶಕಾಂಡದ 3ನೆಯ ಅಧ್ಯಾಯದ ಸ್ವರ ಬೇರೆ: ಹೊಳೆ ದಾಟಲು ತನ್ನನ್ನೂ ಬಿಡಬೇಕೆಂದು ಅವನು ಅಂಗಲಾಚುತ್ತಾನೆ, ಇನ್ನು ಆ ಮಾತು ಸಾಕು ಎಂಬ ಉತ್ತರ ಬರುತ್ತದೆ. ಇವೆರಡನ್ನೂ ಒಂದಕ್ಕೊಂದು ಹೊಂದಿಸಿ ನುಣುಪು ಮಾಡುವ ಗೋಜಿಗೆ ಸಂಪಾದಕರು ಹೋಗಿಲ್ಲ. ಅದು ಒಳ್ಳೆಯದೇ ಆಯಿತು. ಅಧಿಕಾರ ಬಿಟ್ಟುಕೊಡುವವನ ನೋವೂ ಅವನ ವಿಧೇಯತೆಯೂ ಹೀಗೆ ಅಕ್ಕಪಕ್ಕದಲ್ಲೇ ಉಳಿದಿವೆ.

ಆಯ್ಕೆಯ ರೀತಿಯೂ ಗಮನಾರ್ಹ. ಮೋಶೆಗೆ ಗೇರ್ಷೋಮ್, ಎಲೀಯೆಜೆರ್ ಎಂಬ ಇಬ್ಬರು ಮಕ್ಕಳಿದ್ದರೂ ಉತ್ತರಾಧಿಕಾರದ ಪ್ರಸಂಗದಲ್ಲಿ ಅವರ ಹೆಸರೇ ಬರುವುದಿಲ್ಲ. ಮಹಾಯಾಜಕತ್ವ ಆರೋನನಿಂದ ಅವನ ಮಗ ಎಲ್ಲಾಜಾರನಿಗೆ ವಂಶಕ್ರಮದಲ್ಲಿ ದಾಟಿತ್ತು. ಜನರನ್ನು ನಡೆಸುವ ಹೊಣೆ ಮಾತ್ರ ಹಾಗೆ ದಾಟಲಿಲ್ಲ. ಯೆಹೋಶುವ ಈ ಹೊಣೆಗೆ ದಿಢೀರನೆ ಬಂದವನೂ ಅಲ್ಲ. ಅಮಾಲೇಕ್ಯರ ವಿರುದ್ಧದ ಯುದ್ಧದಲ್ಲಿ ಅವನು ದಳಪತಿ, ಸೀನಾಯಿ ಬೆಟ್ಟದ ಪ್ರಸಂಗದಲ್ಲಿ ಮೋಶೆಯ ಸಹಾಯಕ, ದೇವದರ್ಶನದ ಗುಡಾರವನ್ನು ಬಿಟ್ಟು ಕದಲದ ಯುವಕ. ಕಾನಾನನ್ನು ನೋಡಿಬಂದ 12 ಮಂದಿಯಲ್ಲಿ ಎದೆಗುಂದದೆ ಉಳಿದ ಇಬ್ಬರಲ್ಲಿ ಅವನೊಬ್ಬ, ಕಾಲೇಬ ಇನ್ನೊಬ್ಬ. ಎಲ್ದಾದ್ ಮತ್ತು ಮೇದಾದ್ ಪಾಳೆಯದಲ್ಲಿ ಪ್ರವಾದಿಸಿದಾಗ ಅವರನ್ನು ತಡೆಯಲು ಹೇಳಿದವನೂ ಅವನೇ. ಜನರೆಲ್ಲರೂ ಪ್ರವಾದಿಗಳಾದರೆ ಎಷ್ಟು ಚೆನ್ನ ಎಂದು ಮೋಶೆ ಅವನನ್ನು ತಿದ್ದಿದ. ದೇವರಾತ್ಮ ಒಬ್ಬ ನಾಯಕನ ಸೊತ್ತಲ್ಲ ಎಂಬ ಪಾಠವನ್ನು ಮುಂದಿನ ನಾಯಕ ಪಟ್ಟಕ್ಕೆ ಬರುವ ಮೊದಲೇ ಕಲಿಯಬೇಕಾಯಿತು.

ಮೋಶೆ ತನ್ನ ಘನತೆಯಲ್ಲಿ ಒಂದು ಭಾಗವನ್ನಷ್ಟೇ ಯೆಹೋಶುವನಿಗೆ ಕೊಡಬೇಕು ಎಂಬುದು ಅರಣ್ಯಕಾಂಡದ ವಿಧಿ. ಮೋಶೆ ದೇವರೊಂದಿಗೆ ಮುಖಾಮುಖಿ ಮಾತನಾಡಿದವನು; ಯೆಹೋಶುವನಾದರೋ ಎಲ್ಲಾಜಾರನ ಮುಂದೆ ನಿಂತು ಯಾಜಕನ ಬಳಿಯಿದ್ದ ಊರೀಮ್ ಎಂಬ ಪವಿತ್ರ ಸಾಧನದ ಮೂಲಕ ದೈವಚಿತ್ತವನ್ನು ಕೇಳಿಕೊಳ್ಳಬೇಕಿತ್ತು. ಹೊಸ ನಾಯಕ ಹಳೆಯವನ ಪಡಿಯಚ್ಚಲ್ಲ, ಹಾಗಾಗಬೇಕೆಂಬ ನಿರೀಕ್ಷೆಯೂ ಇಲ್ಲ. ಆತ್ಮವುಳ್ಳವನಾದ್ದರಿಂದಲೇ ಅವನ ಮೇಲೆ ಕೈಯಿಡಬೇಕೆಂದು ಅರಣ್ಯಕಾಂಡ ಹೇಳಿದರೆ, ಮೋಶೆ ಕೈಯಿಟ್ಟದ್ದರಿಂದ ಅವನು ಜ್ಞಾನದ ಆತ್ಮದಿಂದ ತುಂಬಿದನೆಂದು ಧರ್ಮೋಪದೇಶಕಾಂಡ ಹೇಳುತ್ತದೆ. ದೇವರ ಕರೆ ಮೊದಲು, ಸಭೆಯ ಮುಂದಿನ ವಿಧಿ ಅನಂತರ ಎಂಬ ಕ್ರಮವನ್ನು ಒಪ್ಪಿದರೆ ಈ ಭೇದ ದೊಡ್ಡ ತೊಡಕಾಗುವುದಿಲ್ಲ.

ಪ್ರಾಚೀನ ಪಶ್ಚಿಮ ಏಷ್ಯಾದ ರಾಜಕೀಯದೊಡನೆ ಹೋಲಿಸಿದಾಗ ಈ ಕಥನದ ವೈಶಿಷ್ಟ್ಯ ನಿಚ್ಚಳವಾಗುತ್ತದೆ. ಅಸ್ಸೀರಿಯದ ಅರಸ ಎಸರ್‌ಹದ್ದೋನ್ ಕ್ರಿ.ಪೂ. 672ರಲ್ಲಿ ತನ್ನ ಮಗ ಅಶ್ಶೂರ್‌ಬನಿಪಾಲನ ಪಟ್ಟವನ್ನು ಭದ್ರಪಡಿಸಲು ಸಾಮಂತರಿಂದ ಆಣೆ ಮಾಡಿಸಿದ. ಆ ಒಪ್ಪಂದದ ಫಲಕಗಳು 1955ರಲ್ಲಿ ಇರಾಕಿನ ನಿಮ್ರೂದಿನಲ್ಲಿ ದೊರೆತವು. ಮಗನಿಗೆ ನಿಷ್ಠೆ ತಪ್ಪಿದವರಿಗೆ ಅದರಲ್ಲಿ ಶಾಪಗಳ ಸುರಿಮಳೆಯಿದೆ. ಧರ್ಮೋಪದೇಶಕಾಂಡದ ಶಾಪಭಾಗಕ್ಕೂ ಈ ಶಾಸನಕ್ಕೂ ಇರುವ ಸಾಮ್ಯವನ್ನು ವಿದ್ವಾಂಸರು ಬಹುಕಾಲದಿಂದ ಚರ್ಚಿಸಿದ್ದಾರೆ. ಉತ್ತರಾಧಿಕಾರದ ವಿಷಯದಲ್ಲಾದರೋ ದಿಕ್ಕೇ ಬೇರೆ. ಅಸ್ಸೀರಿಯದಲ್ಲಿ ಭರವಸೆ ಕೊಡಬೇಕಾದವರು ಕೆಳಗಿನವರು. ಧರ್ಮೋಪದೇಶಕಾಂಡದ 31ನೆಯ ಅಧ್ಯಾಯದಲ್ಲಿ ಅದು ಮೊದಲು ದೇವರ ಕಡೆಯಿಂದ ಬರುತ್ತದೆ: ಆತನೇ ಮುಂದಾಗಿ ನಡೆಯುವನು, ಕೈಬಿಡನು. ಯೆಹೋಶುವನ ಗ್ರಂಥದ ಮೊದಲ ಅಧ್ಯಾಯದಲ್ಲಿ ಜನರೂ ವಿಧೇಯತೆಯ ಮಾತು ಕೊಡುತ್ತಾರೆ, ಎದುರಾಡಿದವನಿಗೆ ಮರಣದಂಡನೆಯನ್ನೂ ಸಾರುತ್ತಾರೆ. ಆದರೆ ಮೋಶೆಯೊಂದಿಗಿದ್ದ ಹಾಗೆ ಯೆಹೋವನು ಯೆಹೋಶುವನೊಂದಿಗೂ ಇರಲಿ ಎಂಬ ಹಾರೈಕೆ ಆ ಮಾತಿಗೆ ಅಂಟಿಕೊಂಡೇ ಇದೆ.

ದೇವರು ಬದಲಾಗದಿದ್ದರೂ ಆತನ ಪೋಷಣೆಯ ರೀತಿ ಬದಲಾಗುತ್ತದೆ ಎಂಬುದಕ್ಕೆ ಈ ಕಥನದ ಅತ್ಯಂತ ಮಾರ್ಮಿಕ ಸಾಕ್ಷ್ಯ ಯೆಹೋಶುವನ ಗ್ರಂಥದ 5ನೆಯ ಅಧ್ಯಾಯದಲ್ಲಿದೆ. ಗಿಲ್ಗಾಲಿನಲ್ಲಿ ಪಸ್ಕಹಬ್ಬವನ್ನು ಆಚರಿಸಿ ಜನರು ಆ ದೇಶದ ಬೆಳೆಯನ್ನು ಉಂಡರು. ಮರುದಿನವೇ, ಅರಣ್ಯದಲ್ಲಿ ದೇವರು ಅವರಿಗೆ ಕೊಡುತ್ತಿದ್ದ ಆಹಾರವಾದ ಮನ್ನ ನಿಂತುಹೋಯಿತು. ಅರಣ್ಯದಲ್ಲಿ ಹುಟ್ಟಿದವರಿಗೆ ಮನ್ನವಿಲ್ಲದ ಬದುಕೇ ಗೊತ್ತಿರಲಿಲ್ಲ. ಅದನ್ನೇ ದೇವರ ಕೃಪೆಯ ಏಕೈಕ ಗುರುತೆಂದು ಹಿಡಿದವರಿಗೆ ಅಂದು ದೇವರು ಕೈಬಿಟ್ಟಂತೆ ಕಂಡೀತು. ಗ್ರಂಥಕಾರ ಅಲ್ಲಿ ಯಾವ ಅಳುಕನ್ನೂ ದಾಖಲಿಸುವುದಿಲ್ಲ. ಆ ವರ್ಷ ಅವರು ಕಾನಾನಿನ ಹುಟ್ಟುವಳಿಯನ್ನು ತಿಂದರೆಂದು ಹೇಳಿ ಮುಂದೆ ಸಾಗುತ್ತಾನೆ. ಹಿಂದಿನ ತಲೆಮಾರಿನ ಅದ್ಭುತಗಳು ಅದೇ ರೂಪದಲ್ಲಿ ಮರುಕಳಿಸಬೇಕೆಂದು ಹಟ ಹಿಡಿಯುವ ಭಕ್ತಿಗೆ ಇದಕ್ಕಿಂತ ಸೌಮ್ಯವಾದ ತಿದ್ದುಪಡಿ ಸಿಗುವುದು ಕಷ್ಟ.

ದೇವರು ಕೈಬಿಡನು ಎಂಬ ಈ ವಿಶ್ವಾಸ ನಾಯಕ ತಪ್ಪುವುದೇ ಇಲ್ಲ ಎಂಬ ಭರವಸೆಯಲ್ಲ. ಆಯಿ ಊರಿನ ಮುಂದೆ ಸೇನೆ ಸೋತಿತು. ಗಿಬ್ಯೋನ್ಯರೊಂದಿಗೆ ಯೆಹೋವನನ್ನು ವಿಚಾರಿಸದೆಯೇ ಒಪ್ಪಂದವಾಯಿತು. ಊರೀಮಿನ ವಿಧಿಯನ್ನು ಬಲ್ಲ ಓದುಗನಿಗೆ ಆ ಲೋಪದ ತೂಕ ತಿಳಿಯುತ್ತದೆ. ಯೆಹೋಶುವನ ಗ್ರಂಥದ 13ನೆಯ ಅಧ್ಯಾಯ ಸ್ವಾಧೀನಕ್ಕೆ ಬಾರದ ನಾಡು ಬಹಳವಿದೆ ಎನ್ನುತ್ತದೆ, 21ನೆಯದು ವಾಗ್ದಾನಗಳಲ್ಲಿ ಒಂದೂ ತಪ್ಪಲಿಲ್ಲ ಎನ್ನುತ್ತದೆ. ಮುಗಿಯದ ಕೆಲಸ ಮನುಷ್ಯರ ಕಡೆಯದು, ತಪ್ಪದ ಮಾತು ದೇವರದು ಎಂದು ಓದಿದಾಗ ಎರಡೂ ಒಟ್ಟಿಗೆ ನಿಲ್ಲುತ್ತವೆ.

ಯೆಹೋಶುವ 110ನೆಯ ವಯಸ್ಸಿನಲ್ಲಿ ಸತ್ತಾಗ ಉತ್ತರಾಧಿಕಾರಿಯನ್ನು ನೇಮಿಸಿರಲಿಲ್ಲ. ಶೆಕೆಮಿನಲ್ಲಿ ಜನರೊಂದಿಗೆ ಒಡಂಬಡಿಕೆ ಮಾಡಿ, ಸಾಕ್ಷಿಯಾಗಿ ಕಲ್ಲೊಂದನ್ನು ನಿಲ್ಲಿಸಿದ್ದ. ಏಳು ವರ್ಷಗಳಿಗೊಮ್ಮೆ ಪರ್ಣಶಾಲೆಗಳ ಜಾತ್ರೆಯಲ್ಲಿ, ಏನೂ ಅರಿಯದ ಮಕ್ಕಳಿಗೂ ಕೇಳುವಂತೆ ಧರ್ಮಶಾಸ್ತ್ರವನ್ನು ಓದಬೇಕೆಂದು ಮೋಶೆ ಮೊದಲೇ ವಿಧಿಸಿದ್ದ. ಆದರೂ ಆ ಕಾಲದ ಹಿರಿಯರು ಗತಿಸಿದ ಮೇಲೆ ಯೆಹೋವನನ್ನಾಗಲಿ ಆತನ ಕಾರ್ಯಗಳನ್ನಾಗಲಿ ಅರಿಯದ ತಲೆಮಾರು ಹುಟ್ಟಿತೆಂದು ನ್ಯಾಯಸ್ಥಾಪಕರ 2ನೆಯ ಅಧ್ಯಾಯ ದಾಖಲಿಸುತ್ತದೆ. ಅದೇ ಗ್ರಂಥದ 18ನೆಯ ಅಧ್ಯಾಯದಲ್ಲಿ ದಾನ್ ಊರಿನ ವಿಗ್ರಹಕ್ಕೆ ಯಾಜಕನಾದ ಗೇರ್ಷೋಮನ ಮಗ ಮೋಶೆಯ ವಂಶದವನೇ ಎಂಬ ಪಾಠವನ್ನು ಹಲವು ವಿದ್ವಾಂಸರು ಮೂಲವೆಂದು ಒಪ್ಪುತ್ತಾರೆ. ನಾಯಕತ್ವ ವಂಶಕ್ಕೆ ಇಳಿಯದಿದ್ದುದರ ಅರ್ಥ ಅಲ್ಲಿ ಮತ್ತಷ್ಟು ಆಳವಾಗುತ್ತದೆ.

ಈ ಅಪನಂಬಿಗಸ್ತಿಕೆ ಅನಿರೀಕ್ಷಿತವಾಗಿರಲಿಲ್ಲ. ಮೋಶೆಯ ಮರಣದ ನಂತರ ಜನರು ಅನ್ಯದೇವರುಗಳ ಹಿಂದೆ ಹೋಗುವರೆಂದು ಧರ್ಮೋಪದೇಶಕಾಂಡದ 31ನೆಯ ಅಧ್ಯಾಯವೇ, ಯೆಹೋಶುವನ ನೇಮಕದ ಪಕ್ಕದಲ್ಲೇ, ಮುಂತಿಳಿಸಿತ್ತು. ಜನರ ದ್ರೋಹವನ್ನು ಅರಿತೇ ದೇವರು ಮಾತು ಕೊಟ್ಟಿದ್ದ. ಜನರು ಒಡಂಬಡಿಕೆಯನ್ನು ಮುರಿದ ಮೇಲೂ ಅವರ ನರಳಾಟಕ್ಕೆ ಮರುಗಿ ಆತನು ಒತ್ನೀಯೇಲನಿಂದ ಮೊದಲ್ಗೊಂಡು ಒಬ್ಬೊಬ್ಬ ನ್ಯಾಯಸ್ಥಾಪಕನನ್ನು ಎಬ್ಬಿಸಿದ. ಆ ಒಬ್ಬೊಬ್ಬರೊಂದಿಗೂ ಯೆಹೋವನಿದ್ದನೆಂದು ನ್ಯಾಯಸ್ಥಾಪಕರ ಗ್ರಂಥ ಹೇಳುತ್ತದೆ. ಮೋಶೆಯ ವಿಷಯದಲ್ಲೂ ಯೆಹೋಶುವನ ವಿಷಯದಲ್ಲೂ ಈ ಕಥನ ಹೇಳಿದ್ದು ಇದನ್ನೇ.