ಜಮಖಂಡಿಯ ಗ್ರಹಣವೂ ನಮ್ಮ ಊರುಗಳ ಆಕಾಶಜ್ಞಾನವೂ

ಕನ್ನಡ ನಾಡಿನ ಚಿಕ್ಕ ಊರುಗಳಲ್ಲಿ ಆಕಾಶವು ಪಂಡಿತರೊಬ್ಬರ ಸ್ವತ್ತಾಗಿ ಎಂದೂ ಇದ್ದುದಿಲ್ಲ. ರೋಹಿಣಿ, ಮೃಗಶಿರ, ಆರ್ದ್ರೆಗಳು ಒಕ್ಕಲಿಗನಿಗೆ ಬರಿಯ ಚುಕ್ಕೆಗಳಲ್ಲ. ಅವು ಮಳೆಗಳ ಹೆಸರುಗಳು. ಸೂರ್ಯನು ಮೃಗಶಿರವನ್ನು ಹೊಗುವ ಜೂನ್ ತಿಂಗಳ ಆರಂಭದಲ್ಲಿ ಮುಂಗಾರಿಯ ಬಿತ್ತಿಗೆಗೆ ಕೂರಿಗೆ ಸಜ್ಜಾಗುವುದು. ಸೆಪ್ಟೆಂಬರ್ ಕೊನೆಯ ಹಸ್ತದ ಮಳೆಯನ್ನು ನಂಬಿ ಹಿಂಗಾರಿ ಜೋಳವು ಎರೆಭೂಮಿಗೆ ಬೀಳುವುದು. ಬೆಳ್ಳಿ ಮೂಡುವ ಕಾಲದಲ್ಲಿ ಅದನ್ನು ಕಂಡೇ ತಾಯಂದಿರು ಬೀಸುವ ಕಲ್ಲಿನ ಮುಂದೆ ಕುಳಿತರು. ಹೀಗೆ ಹೊಟ್ಟೆಯ ಅನ್ನಕ್ಕೂ ಇರುಳಿನ ಚುಕ್ಕೆಗೂ ನಂಟು ಬೆಳೆದು ಬಂದಿತು.

ನಂಟಿನ ಜೊತೆಗೆ ಭಯವೂ ಬೆಳೆಯಿತು. ಗ್ರಹಣವೆಂದೊಡನೆ ಒಲೆ ಆರಿಸುವುದು, ಅಟ್ಟ ಅನ್ನವನ್ನು ಚೆಲ್ಲುವುದು, ಬಸುರಿಯನ್ನು ಕತ್ತಲೆಯ ಕೋಣೆಯಲ್ಲಿರಿಸುವುದು, ನೀರ ತಟ್ಟೆಯಲ್ಲಿ ಒನಕೆ ನಿಲ್ಲಿಸಿ ನೋಡುವುದು, ಇವು ಮನೆಮನೆಯ ರೂಢಿಗಳಾದವು. ಆದರೆ ಅದೇ ಗ್ರಹಣವು ದಾನಕ್ಕೂ ಪ್ರೇರಣೆಯಾಯಿತೆಂಬುದನ್ನು ಮರೆಯಲಾಗದು. ಸೂರ್ಯಗ್ರಹಣ, ಸೋಮಗ್ರಹಣ, ಸಂಕ್ರಮಣಗಳಂದು ಭೂಮಿ ಬಿಟ್ಟ ಶಾಸನಗಳು ನಾಡಿನಲ್ಲಿ ಹೇರಳವಾಗಿವೆ. ಕಲ್ಲಿನ ಮೇಲಿನ ಶಕವರುಷವು ಸಂದೇಹಕ್ಕೆ ಎಡೆಗೊಟ್ಟಲ್ಲಿ, ಗ್ರಹಣದ ಗಣಿತದಿಂದ ಅದನ್ನು ಒರೆಹಚ್ಚುವುದು ಇತಿಹಾಸಜ್ಞರಿಗೆ ಸಾಧ್ಯವಾಯಿತು. ರಾಬರ್ಟ್ ಸಿವೆಲ್ಲರೂ ಶಂಕರ ಬಾಳಕೃಷ್ಣ ದೀಕ್ಷಿತರೂ 1896ರಲ್ಲಿ ಪ್ರಕಟಿಸಿದ ಪಂಚಾಂಗಗ್ರಂಥವು ಈ ಕಾರ್ಯಕ್ಕೆ ದೊಡ್ಡ ನೆರವಾಯಿತು. ದಾನಿಯು ಪುಣ್ಯಕಾಲವೆಂದು ಬರೆಯಿಸಿದುದು ಹೀಗೆ ಚರಿತ್ರೆಗೆ ಸಾಕ್ಷಿಯಾಗಿ ನಿಂತಿತು.

ಹನ್ನೆರಡನೆಯ ಶತಮಾನದ ಶರಣರು ಈ ಭಯದ ಬೇರಿಗೇ ಕೈ ಹಚ್ಚಿದರು. ತಿಥಿ, ವಾರ, ನಕ್ಷತ್ರಗಳ ಬಲಾಬಲವನ್ನು ಕೇಳುತ್ತ ಕೂಡ್ರುವ ಮನಸ್ಸಿಗೆ ಶಿವನ ನೆನಹೇ ಶುಭಮುಹೂರ್ತವೆಂದು ತಿಳಿಸಿದರು. ಅವರು ಆಕಾಶವನ್ನು ನೋಡಬೇಡವೆನ್ನಲಿಲ್ಲ, ಅದಕ್ಕೆ ಅಂಜಬೇಡವೆಂದರು. ಈ ಎರಡು ಮಾತುಗಳ ಅಂತರವನ್ನು ಅರಿಯುವುದು ಅವಶ್ಯ.

ಶರಣರ ಐಕ್ಯಸ್ಥಳವಾದ ಕೂಡಲಸಂಗಮವಿರುವ ಇಂದಿನ ಬಾಗಲಕೋಟೆ ಜಿಲ್ಲೆಯಲ್ಲಿಯೇ ಜಮಖಂಡಿಯೂ ಇದೆ. ಪಟವರ್ಧನ ಮನೆತನದ ಆಳಿಕೆಯಲ್ಲಿದ್ದ ಆ ಚಿಕ್ಕ ಸಂಸ್ಥಾನದ ಊರಿಗೆ 1868ರಲ್ಲಿ ಒಂದು ಅಪೂರ್ವ ಸಂದರ್ಭವು ಒದಗಿತು. ಆ ವರುಷದ ಆಗಸ್ಟ್ 18, ಮಂಗಳವಾರ, ಶಾಲಿವಾಹನ ಶಕ 1790ರ ವಿಭವ ಸಂವತ್ಸರದ ಶ್ರಾವಣ ಅಮಾವಾಸ್ಯೆ. ಅಂದು ಬೆಳಿಗ್ಗೆ ಖಗ್ರಾಸ ಸೂರ್ಯಗ್ರಹಣದ ನೆರಳು ಪಡುವಣ ಕಡಲಿನಿಂದ ಬಿಜಾಪುರ ಸೀಮೆಯ ಮೇಲೆ ಹಾಯ್ದು ಗುಂಟೂರಿನ ಕಡೆಗೆ ಸಾಗಿತು. ಅದನ್ನು ನೋಡುವುದಕ್ಕಾಗಿ ಲಂಡನ್ನಿನ ರಾಯಲ್ ಸೊಸೈಟಿಯ ಉಪಕರಣಗಳೊಡನೆ ಜಮಖಂಡಿಯಲ್ಲಿ ಬೀಡುಬಿಟ್ಟವನು ಲೆಫ್ಟಿನೆಂಟ್ ಜಾನ್ ಹರ್ಷೆಲ್. ಭಾರತದ ಭೂಮಾಪನ ಇಲಾಖೆಯ ಅಧಿಕಾರಿ, 1781ರಲ್ಲಿ ಯುರೇನಸ್ ಗ್ರಹವನ್ನು ಕಂಡ ವಿಲಿಯಂ ಹರ್ಷೆಲ್ಲನ ಮೊಮ್ಮಗ.

ಶ್ರಾವಣದ ಮೋಡಗಳು ಕವಿದು ಕೆಲಸಕ್ಕೆ ವಿಘ್ನ ತಂದವು. ಪೂರ್ಣಗ್ರಾಸದ ಕಾಲವೋ ಕೆಲವೇ ನಿಮಿಷ. ಮೋಡ ಸರಿದ ಸಂದಿಯಲ್ಲಿ ಹರ್ಷೆಲ್ಲನು ಸೂರ್ಯನ ಅಂಚಿನ ಜ್ವಾಲೆಯ ಬೆಳಕನ್ನು ವರ್ಣಪಟದರ್ಶಕದಲ್ಲಿ ಹಿಡಿದು, ಕೆಂಪು, ಕಿತ್ತಳೆ, ನೀಲಿ ಎಂಬ ಮೂರು ಉಜ್ವಲ ರೇಖೆಗಳನ್ನು ಕಂಡನು. ಇದರಿಂದ ಆ ಜ್ವಾಲೆಗಳು ಉರಿಯುವ ವಾಯುರೂಪದವೆಂದು ಸಿದ್ಧವಾಯಿತು. ಗುಂಟೂರಿನಲ್ಲಿದ್ದ ಫ್ರೆಂಚ್ ಪಂಡಿತ ಜಾನ್ಸೆನ್ನನೂ ಇದನ್ನೇ ಕಂಡನು. ಮಧ್ಯದ ರೇಖೆಯನ್ನು ಹರ್ಷೆಲ್ಲನು ಸೋಡಿಯಂ ಧಾತುವಿನದೆಂದು ಎಣಿಸಿದನು. ಅದು ಹಾಗಲ್ಲವೆಂದು ಅದೇ ವರುಷದ ಅಕ್ಟೋಬರದಲ್ಲಿ ಇಂಗ್ಲೆಂಡಿನ ಲಾಕಿಯರನು ಅಳೆದು ತೋರಿಸಿದನು. ಸೂರ್ಯನ ಹೆಸರಿನಿಂದಲೇ ಹೀಲಿಯಂ ಎಂದು ಕರೆಯಿಸಿಕೊಂಡ ಆ ಹೊಸ ಧಾತುವನ್ನು ರಾಮ್ಸೆಯು 1895ರಲ್ಲಿ ಭೂಮಿಯ ಮೇಲೂ ಕಂಡುಹಿಡಿದನು.

ಊರೂರು ಬಾಗಿಲಿಕ್ಕಿಕೊಳ್ಳುವ ಗಳಿಗೆಯೇ ಅರಿವಿಗೆ ಬಾಗಿಲು ತೆರೆದ ಗಳಿಗೆಯಾಯಿತು. ಆದರೂ ರೂಢಿಯು ಬೇಗ ಅಳಿಯಲಿಲ್ಲ. 1980ರ ಫೆಬ್ರವರಿ 16ರಂದು ಖಗ್ರಾಸದ ನೆರಳು ಹುಬ್ಬಳ್ಳಿ, ಗದಗು, ರಾಯಚೂರುಗಳ ಮೇಲೆ ಹಾಯ್ದಾಗ ರಾಯಚೂರು ಜಿಲ್ಲೆಯ ಜವಳಗೇರಿಯಲ್ಲಿ ನಮ್ಮ ದೇಶದ ಖಗೋಳವಿಜ್ಞಾನಿಗಳೇ ದೂರದರ್ಶಕಗಳನ್ನು ಹೂಡಿದ್ದರು. ಅದೇ ಹೊತ್ತಿಗೆ ಎಷ್ಟೋ ಊರುಗಳ ಬೀದಿಗಳು ಬರಿದಾಗಿದ್ದವು.

ಹಿರಿಯರ ರೂಢಿಗಳನ್ನು ಹಳಿಯುವುದರಿಂದ ಫಲವಿಲ್ಲ. ಆಕಾಶದೊಡನೆ ಅವರಿಗಿದ್ದ ನಂಟನ್ನು ಕಳೆದುಕೊಳ್ಳುವುದೂ ತರವಲ್ಲ. ಕಣ್ಣಿಗೆ ತಕ್ಕ ರಕ್ಷಣೆಯಿಟ್ಟುಕೊಂಡು ಮಕ್ಕಳನ್ನು ಅಂಗಳಕ್ಕೆ ಕರೆತಂದು ಗ್ರಹಣವನ್ನು ತೋರಿಸುವ ತಾಯಿತಂದೆಗಳು ಶರಣರ ನಿರ್ಭಯವನ್ನೂ ಒಕ್ಕಲಿಗನ ನಕ್ಷತ್ರಜ್ಞಾನವನ್ನೂ ಒಮ್ಮೆಲೆ ಉಳಿಸಿದಂತಾಗುವುದು.