ಸಾಕು ಜರ್ಬಿಲ್‌ಗಳ ಲಿಂಗ ನಿರ್ಧಾರ ಮತ್ತು ಸಹವಾಸ

ಜರ್ಬಿಲ್ ದಂಶಕಗಳ ಗಣಕ್ಕೆ ಸೇರಿದ, ಇಲಿಯನ್ನು ಹೋಲುವ ಸಣ್ಣ ಸಸ್ತನಿ. ಇದರ ಬಾಲದ ಮೇಲೆ ರೋಮವಿದ್ದು ತುದಿಯಲ್ಲಿ ಚಿಕ್ಕ ಕುಚ್ಚು ಕಾಣುತ್ತದೆ. ಜರ್ಬಿಲ್‌ಗಳಲ್ಲಿ ಅನೇಕ ಪ್ರಭೇದಗಳಿದ್ದರೂ ಮನೆಗಳಲ್ಲಿ ಸಾಕಲ್ಪಡುವುದು ಬಹುಮಟ್ಟಿಗೆ ಮಂಗೋಲಿಯನ್ ಜರ್ಬಿಲ್ (ಮೆರಿಯೋನೆಸ್ ಅಂಗ್ವಿಕುಲೇಟಸ್). ಇದು ಸಂಘಜೀವಿ; ಒಂಟಿಯಾಗಿರಿಸುವುದು ಇದರ ಸ್ವಭಾವಕ್ಕೆ ವಿರುದ್ಧವಾದುದು. ಆದರೆ ಗಂಡು ಹೆಣ್ಣುಗಳು ಒಂದೆಡೆ ಇದ್ದರೆ ಸಂತತಿ ಅತಿ ಶೀಘ್ರವಾಗಿ ಹೆಚ್ಚುತ್ತದೆ. ಪರಸ್ಪರ ಅಪರಿಚಿತವಾದ ಪ್ರಾಯದ ಜರ್ಬಿಲ್‌ಗಳನ್ನು ಒಂದೆಡೆ ಬಿಟ್ಟರೆ ಅವು ಪ್ರಾಣ ಹೋಗುವವರೆಗೂ ಕಾದಾಡಬಲ್ಲವು. ಆದುದರಿಂದ ಮರಿಗಳು ಪ್ರಾಯಕ್ಕೆ ಬರುವ ಮುನ್ನವೇ ಅವುಗಳ ಲಿಂಗವನ್ನು ಸರಿಯಾಗಿ ಗುರುತಿಸಿ, ಒಂದೇ ಲಿಂಗದ ಒಡಹುಟ್ಟುಗಳನ್ನು ಜೊತೆಯಾಗಿ ಇರಿಸುವುದು ಜರ್ಬಿಲ್ ಸಾಕಣೆಯ ಮುಖ್ಯ ನಿಯಮವಾಗಿದೆ.

ಹಿನ್ನೆಲೆ

ಮಂಗೋಲಿಯನ್ ಜರ್ಬಿಲ್ ಮಂಗೋಲಿಯ ಮತ್ತು ಉತ್ತರ ಚೀನಾದ ಹುಲ್ಲುಗಾವಲು ಹಾಗೂ ಅರೆಮರುಭೂಮಿಗಳ ನಿವಾಸಿ. ಫ್ರೆಂಚ್ ಪಾದ್ರಿ ಅರ್ಮಾನ್ ಡೇವಿಡ್ 1866ರಲ್ಲಿ ಇದರ ಮಾದರಿಗಳನ್ನು ಪ್ಯಾರಿಸ್ಸಿಗೆ ಕಳುಹಿಸಿದನು. ಮರುವರ್ಷ ಪ್ರಾಣಿಶಾಸ್ತ್ರಜ್ಞ ಮಿಲ್ನ್-ಎಡ್ವರ್ಡ್ಸ್ ಇದನ್ನು ವೈಜ್ಞಾನಿಕವಾಗಿ ವರ್ಣಿಸಿದನು. 1935ರಲ್ಲಿ ಅಮೂರ್ ನದಿಯ ಪ್ರದೇಶದಲ್ಲಿ ಹಿಡಿದ ಕೆಲವು ಜೋಡಿಗಳನ್ನು ಜಪಾನಿನಲ್ಲಿ ಸಾಕಲಾಯಿತು. ಅವುಗಳ ಸಂತತಿಯಿಂದ 1954ರಲ್ಲಿ ಅಮೆರಿಕಕ್ಕೆ ಒಯ್ದ ಜೋಡಿಗಳೇ ಇಂದಿನ ಬಹುಪಾಲು ಸಾಕು ಜರ್ಬಿಲ್‌ಗಳ ಮೂಲ. ಮೊದಲು ಪ್ರಯೋಗಾಲಯದ ಪ್ರಾಣಿಯಾಗಿದ್ದ ಇದು ಅನಂತರ ಮನೆಗಳನ್ನು ಪ್ರವೇಶಿಸಿತು. ತಪ್ಪಿಸಿಕೊಂಡವು ಕಾಡಿನಲ್ಲಿ ನೆಲೆಯೂರಬಹುದೆಂಬ ಕಾರಣದಿಂದ ಅಮೆರಿಕದ ಕ್ಯಾಲಿಫೋರ್ನಿಯ ಮತ್ತು ಹವಾಯಿ ರಾಜ್ಯಗಳಲ್ಲಿ ಇದನ್ನು ಸಾಕುವುದಕ್ಕೆ ನಿಷೇಧವಿದೆ.

ಭಾರತದಲ್ಲಿಯೂ ಜರ್ಬಿಲ್‌ಗಳುಂಟು. ರಾಜಸ್ಥಾನದ ಮರುಭೂಮಿಯಲ್ಲಿ ಇದೇ ಕುಲದ ಮೆರಿಯೋನೆಸ್ ಹರಿಯಾನೆ, ಕರ್ನಾಟಕವೂ ಸೇರಿದಂತೆ ದೇಶದ ಬಹುಭಾಗದ ಹೊಲ ಹಾಗೂ ಬಯಲುಗಳಲ್ಲಿ ಟಟೇರಾ ಇಂಡಿಕಾ ಎಂಬ ಪ್ರಭೇದಗಳು ವಾಸಿಸುತ್ತವೆ. ಇವು ವನ್ಯಪ್ರಾಣಿಗಳೇ ಹೊರತು ಸಾಕುಪ್ರಾಣಿಗಳಲ್ಲ. ಈ ಲೇಖನದ ವಿವರಗಳು ಮಂಗೋಲಿಯನ್ ಜರ್ಬಿಲ್‌ಗೆ ಅನ್ವಯಿಸುತ್ತವೆ.

ಮರಿಗಳ ಬೆಳವಣಿಗೆ

ಗರ್ಭಾವಧಿ ಸಾಮಾನ್ಯವಾಗಿ 24ರಿಂದ 26 ದಿನಗಳು. ಒಂದು ಸೂಲಿನಲ್ಲಿ ಸರಾಸರಿ ಐದು ಮರಿಗಳು ಹುಟ್ಟುತ್ತವೆ. ಹುಟ್ಟುವಾಗ ಮರಿಯ ತೂಕ ಸುಮಾರು 3 ಗ್ರಾಂ. ಮೈಮೇಲೆ ರೋಮವಿರುವುದಿಲ್ಲ, ಕಣ್ಣು ಕಿವಿಗಳು ಮುಚ್ಚಿರುತ್ತವೆ. ಎರಡೂವರೆ ವಾರಗಳ ಸುಮಾರಿಗೆ ಕಣ್ಣು ತೆರೆಯುತ್ತವೆ. ಮೂರರಿಂದ ನಾಲ್ಕು ವಾರಗಳಲ್ಲಿ ಮರಿಗಳು ಹಾಲು ಬಿಡುತ್ತವೆ. ಒಂಬತ್ತರಿಂದ ಹನ್ನೆರಡು ವಾರಗಳಲ್ಲಿ ಅವು ಸಂತಾನೋತ್ಪತ್ತಿಗೆ ಸಮರ್ಥವಾಗುತ್ತವೆ. ಲಿಂಗ ನಿರ್ಧಾರವನ್ನು ಪೂರೈಸಲು ಸಾಕುವವರಿಗೆ ದೊರೆಯುವ ಕಾಲ ಇಷ್ಟೇ.

ಲಿಂಗ ನಿರ್ಧಾರದ ವಿಧಾನಗಳು

ಅಂತರವನ್ನು ನೋಡುವುದು: ಎಲ್ಲ ವಯಸ್ಸಿನಲ್ಲಿಯೂ ಉಪಯುಕ್ತವಾದ ಗುರುತು ಗುದದ್ವಾರ ಮತ್ತು ಮೂತ್ರದ್ವಾರಗಳ ನಡುವಿನ ಅಂತರ. ಗಂಡಿನಲ್ಲಿ ಈ ಅಂತರ ಹೆಣ್ಣಿನದರ ಸುಮಾರು ಎರಡರಷ್ಟಿರುತ್ತದೆ. ಹೆಣ್ಣಿನಲ್ಲಿ ಎರಡೂ ದ್ವಾರಗಳು ಒಂದಕ್ಕೊಂದು ಹತ್ತಿರವಾಗಿ ಕಾಣುತ್ತವೆ. ಒಂದೇ ಮರಿಯನ್ನು ನೋಡಿ ಅಂತರವನ್ನು ಅಂದಾಜು ಮಾಡುವುದು ಕಷ್ಟ. ಒಂದೇ ಸೂಲಿನ ಹಲವು ಮರಿಗಳನ್ನು ಅಕ್ಕಪಕ್ಕದಲ್ಲಿರಿಸಿ ಹೋಲಿಸಿದರೆ ವ್ಯತ್ಯಾಸ ಸ್ಪಷ್ಟವಾಗುತ್ತದೆ.

ಮೊಲೆತೊಟ್ಟುಗಳು: ಎರಡನೆಯ ವಾರದ ಸುಮಾರಿಗೆ, ಹೊಟ್ಟೆಯ ಮೇಲಿನ ರೋಮ ಇನ್ನೂ ವಿರಳವಾಗಿರುವಾಗ, ಹೆಣ್ಣು ಮರಿಗಳಲ್ಲಿ ನಾಲ್ಕು ಜೊತೆ ಮೊಲೆತೊಟ್ಟುಗಳ ಚುಕ್ಕೆಗಳನ್ನು ಕಾಣಬಹುದು. ರೋಮ ದಟ್ಟವಾದೊಡನೆ ಈ ಗುರುತು ಮರೆಯಾಗುತ್ತದೆ.

ವೃಷಣಗಳು: ಐದರಿಂದ ಏಳು ವಾರಗಳ ನಡುವೆ ಗಂಡುಗಳ ಬಾಲದ ಬುಡದಲ್ಲಿ ವೃಷಣಕೋಶದ ಉಬ್ಬು ಕಾಣತೊಡಗುತ್ತದೆ. ಸಹಜ ಕಂದು ಬಣ್ಣದ ತಳಿಯಲ್ಲಿ ಅಲ್ಲಿನ ಚರ್ಮ ಕಪ್ಪಾಗಿರುತ್ತದೆ. ಬಿಳಿಯ ಮತ್ತು ತಿಳಿಬಣ್ಣದ ತಳಿಗಳಲ್ಲಿ ಈ ಕಪ್ಪು ಇಲ್ಲದಿರಬಹುದು. ಚಳಿ ಅಥವಾ ಭಯದಿಂದ ವೃಷಣಗಳು ಒಳಸರಿಯುವುದುಂಟು. ಆದುದರಿಂದ ಉಬ್ಬು ಕಾಣದ ಮಾತ್ರಕ್ಕೆ ಮರಿಯು ಹೆಣ್ಣೆಂದು ತೀರ್ಮಾನಿಸಬಾರದು; ಅಂತರವನ್ನೂ ನೋಡಬೇಕು.

ಹೊಟ್ಟೆಯ ನಡುವೆ ಇರುವ ಗಂಧಗ್ರಂಥಿಯು ಪ್ರಾಯದ ಗಂಡಿನಲ್ಲಿ ದೊಡ್ಡದಾಗಿರುತ್ತದೆ. ಆದರೆ ಹೆಣ್ಣಿನಲ್ಲಿಯೂ ಈ ಗ್ರಂಥಿ ಇರುವುದರಿಂದ ಅದೊಂದನ್ನೇ ಗುರುತಾಗಿ ನಂಬುವಂತಿಲ್ಲ. ಗಾತ್ರವೂ ಅಷ್ಟೆ: ಪ್ರಾಯದ ಗಂಡುಗಳು ಸಾಮಾನ್ಯವಾಗಿ ಹೆಚ್ಚು ತೂಗುತ್ತವೆಯಾದರೂ ಮರಿಗಳಲ್ಲಿ ತೂಕದಿಂದ ಏನನ್ನೂ ಹೇಳಲಾಗದು.

ಪರೀಕ್ಷಿಸುವ ಕ್ರಮ

ಜರ್ಬಿಲ್ ಅನ್ನು ಬಾಲದ ತುದಿ ಹಿಡಿದು ಎತ್ತಲೇಬಾರದು. ಬಾಲದ ಚರ್ಮವು ಸುಲಿದು ಕೈಗೆ ಬರುತ್ತದೆ; ಅದು ಮತ್ತೆ ಬೆಳೆಯುವುದಿಲ್ಲ. ಎರಡೂ ಅಂಗೈಗಳನ್ನು ಬೊಗಸೆಯಾಗಿಸಿ ಎತ್ತುವುದು ಸುರಕ್ಷಿತ. ಮರಿಯನ್ನು ಪಾರದರ್ಶಕ ಡಬ್ಬಿಯಲ್ಲಿ ನಿಲ್ಲಿಸಿ ಕೆಳಗಿನಿಂದ ನೋಡುವುದು ಇನ್ನೂ ಸುಲಭ. ಎಳೆಯ ಮರಿಗಳನ್ನು ಮುಟ್ಟುವ ಮೊದಲು ಕೈಗಳಿಗೆ ಗೂಡಿನ ಹಾಸನ್ನು ಉಜ್ಜಿಕೊಂಡು, ತಾಯಿ ಗೂಡಿನಿಂದ ದೂರವಿರುವಾಗ ಬೇಗನೆ ನೋಡಿ ಹಿಂದಿರಿಸಬೇಕು. ಒಮ್ಮೆ ನೋಡಿ ನಿಶ್ಚಯಿಸದೆ ವಾರಕ್ಕೊಮ್ಮೆ ಮರುಪರೀಕ್ಷೆ ಮಾಡುವುದು ಉತ್ತಮ.

ಬೇರ್ಪಡಿಸುವ ಕಾಲ

ಹಾಲು ಬಿಟ್ಟೊಡನೆ ಮರಿಗಳನ್ನು ತಂದೆತಾಯಿಗಳಿಂದ ಅಗಲಿಸುವ ಅಗತ್ಯವಿಲ್ಲ. ಆದರೆ ಎಂಟನೆಯ ವಾರದೊಳಗೆ ಗಂಡುಗಳನ್ನೂ ಹೆಣ್ಣುಗಳನ್ನೂ ಬೇರೆಬೇರೆ ಇರಿಸಿರಬೇಕು. ತಾಯಿ ಜರ್ಬಿಲ್ ಈದ ಕೆಲವೇ ಗಂಟೆಗಳಲ್ಲಿ ಮತ್ತೆ ಗರ್ಭ ಧರಿಸಬಲ್ಲದು. ಮೊದಲ ಸೂಲಿನ ಮರಿಗಳಿಗೆ ಹಾಲೂಡುತ್ತಿರುವಾಗ ಎರಡನೆಯ ಗರ್ಭದ ಬೆಳವಣಿಗೆ ತಡವಾಗಿ, ಗರ್ಭಾವಧಿ ಆರು ವಾರಗಳವರೆಗೂ ಮುಂದುವರಿಯುವುದುಂಟು. ಹೀಗಾಗಿ ಗಂಡಿನಿಂದ ಬೇರ್ಪಡಿಸಿದ ಹೆಣ್ಣು ಹಲವು ವಾರಗಳ ಬಳಿಕವೂ ಈಯಬಹುದೆಂಬುದನ್ನು ನೆನಪಿಡಬೇಕು.

ಜೊತೆ ಮಾಡುವಿಕೆ

ಒಂದೇ ಸೂಲಿನ, ಒಂದೇ ಲಿಂಗದ ಎರಡು ಮರಿಗಳ ಜೊತೆ ಅತ್ಯಂತ ಸ್ಥಿರವಾದುದು. ತಂದೆ-ಮಗ ಮತ್ತು ತಾಯಿ-ಮಗಳ ಜೊತೆಗಳೂ ಸಾಮಾನ್ಯವಾಗಿ ಹೊಂದಿಕೊಳ್ಳುತ್ತವೆ. ಸಂಖ್ಯೆ ಹೆಚ್ಚಿದಂತೆ, ವಿಶೇಷವಾಗಿ ಹೆಣ್ಣುಗಳ ಗುಂಪಿನಲ್ಲಿ, ಜಗಳದ ಸಂಭವ ಹೆಚ್ಚುತ್ತದೆ.

ಜೊತೆಗಾರನನ್ನು ಕಳೆದುಕೊಂಡ ಜರ್ಬಿಲ್‌ಗೆ ಹೊಸ ಸಂಗಾತಿಯನ್ನು ನೇರವಾಗಿ ಪರಿಚಯಿಸಬಾರದು. ಇದಕ್ಕಾಗಿ ಗಾಜಿನ ತೊಟ್ಟಿಯ ನಡುವೆ ಸಂದಿಲ್ಲದಂತೆ ತಂತಿಯ ಜಾಲರಿಯನ್ನು ನಿಲ್ಲಿಸಿ, ಒಂದೊಂದು ಭಾಗದಲ್ಲಿ ಒಂದೊಂದು ಜರ್ಬಿಲ್ ಅನ್ನು ಬಿಡುವ ಕ್ರಮ ರೂಢಿಯಲ್ಲಿದೆ. ದಿನಕ್ಕೆ ಹಲವು ಬಾರಿ ಅವುಗಳ ಸ್ಥಳಗಳನ್ನು ಅದಲುಬದಲು ಮಾಡಬೇಕು. ಜರ್ಬಿಲ್‌ಗಳು ತಮ್ಮವರನ್ನು ವಾಸನೆಯಿಂದ ಗುರುತಿಸುವುದರಿಂದ, ಹೀಗೆ ಒಂದರ ವಾಸನೆ ಇನ್ನೊಂದಕ್ಕೆ ರೂಢಿಯಾಗುತ್ತದೆ. ವಾರ ಹತ್ತು ದಿನಗಳ ಬಳಿಕ ಅವು ಜಾಲರಿಗೆ ಒತ್ತಿಕೊಂಡು ಅಕ್ಕಪಕ್ಕದಲ್ಲಿ ಮಲಗತೊಡಗಿದರೆ ಜಾಲರಿಯನ್ನು ತೆಗೆಯಬಹುದು. ಆಗ ಕೆಲವು ಗಂಟೆಗಳ ಕಾಲ ಕಣ್ಣಿಟ್ಟು ಕಾಯಬೇಕು. ದಪ್ಪ ಕೈಗವಸು ಸಿದ್ಧವಿರಬೇಕು. ಎಂಟು ವಾರಗಳಿಗಿಂತ ಎಳೆಯ ಮರಿಯನ್ನು ಪ್ರಾಯದ ಜರ್ಬಿಲ್ ಒಪ್ಪಿಕೊಳ್ಳುವುದು ಹೆಚ್ಚು ಸುಲಭ.

ವಸತಿ

ಜೊತೆಗೆ ಆಳವಾದ ಗಾಜಿನ ತೊಟ್ಟಿ ಮತ್ತು ಗಾಳಿಯಾಡುವ ಜಾಲರಿಯ ಮುಚ್ಚಳ ಸೂಕ್ತ. ಬಿಲ ತೋಡುವುದು ಇವುಗಳ ಹುಟ್ಟುಗುಣವಾದುದರಿಂದ ಹಾಸು ಕನಿಷ್ಠ 20 ಸೆಂಟಿಮೀಟರ್ ಆಳವಿರಬೇಕು. ದೇವದಾರು ಮರದ ಹೆರಕಲನ್ನು ಬಳಸಬಾರದು. ಓಡುವ ಚಕ್ರದಲ್ಲಿ ಬಾಲ ಸಿಕ್ಕಿಕೊಳ್ಳುವಂತಹ ಸಂದುಗಳಿರಬಾರದು. ಹಲವು ಅಂತಸ್ತುಗಳ ವಿಶಾಲ ಗೂಡಿನಲ್ಲಿ ಪ್ರತಿಯೊಂದೂ ತನ್ನದೇ ಎಲ್ಲೆಯನ್ನು ಕಟ್ಟಿಕೊಂಡು ಮನಸ್ತಾಪ ಮೂಡುವುದುಂಟು. ಶುಚಿ ಮಾಡುವಾಗ ಹಳೆಯ ಹಾಸಿನ ಸ್ವಲ್ಪ ಭಾಗವನ್ನು ಉಳಿಸಿಕೊಂಡರೆ ಪರಿಚಿತ ವಾಸನೆ ಉಳಿಯುತ್ತದೆ. ಚಿಕಿತ್ಸೆಗಾಗಿ ಒಂದನ್ನು ಕೆಲವು ದಿನ ದೂರವಿರಿಸಿದರೆ ಜಾಲರಿಯ ಕ್ರಮದಿಂದಲೇ ಮತ್ತೆ ಸೇರಿಸಬೇಕಾಗಬಹುದು.

ಜಗಳದ ಲಕ್ಷಣಗಳು

ಮರಿಗಳು ಹಿಂಗಾಲುಗಳ ಮೇಲೆ ನಿಂತು ಮುಂಗಾಲುಗಳಿಂದ ತಳ್ಳಾಡುವುದು ಆಟ ಮಾತ್ರ. ಒಂದು ಇನ್ನೊಂದನ್ನು ಬಿಡದೆ ಅಟ್ಟುವುದು, ಒಂದನ್ನು ಗೂಡಿನಿಂದ ಹೊರಗಟ್ಟಿ ಬೇರೆ ಮಲಗುವಂತೆ ಮಾಡುವುದು, ಬಾಲದ ಬುಡ ಅಥವಾ ಬೆನ್ನಿನ ಹಿಂಭಾಗದಲ್ಲಿ ಗಾಯಗಳು ಕಾಣುವುದು ಅಪಾಯದ ಸೂಚನೆಗಳು. ಎರಡೂ ಉಂಡೆಯಂತೆ ಹೆಣೆದುಕೊಂಡು ಉರುಳಾಡಿದರೆ ತಕ್ಷಣ ಬೇರ್ಪಡಿಸಬೇಕು. ಬರಿಗೈ ಹಾಕಿದರೆ ಕಡಿತ ನಿಶ್ಚಿತ. ರಕ್ತ ಬಂದ ಬಳಿಕ ಆ ಜೊತೆಯನ್ನು ಮತ್ತೆ ಹಾಗೆಯೇ ಒಂದುಗೂಡಿಸುವುದು ಕ್ಷೇಮವಲ್ಲ.